ದೇವರಿಗೆ ಹೊತ್ತ ತೂಕ

ಮೊನ್ನೆ ಅಂಧೇರಿ ಸ್ಟೇಷನ್ನಿನ ಎದುರಿನ ಕಿರಾಣಿ ಅಂಗಡಿಯಲ್ಲಿ ನಿಂತಿದ್ದಾಗ, ಅಂಗಡಿಯವ ಬೆಲ್ಲದ ಹೊಸ ಗೋಣಿ ಬಿಚ್ಚಿದ. ಆ ಬಿಸಿ ಬಿಸಿ, ತುಸು ಹುಳಿ ವಾಸನೆ ಮೂಗಿಗೆ ಬಡಿದದ್ದೇ, ನಾನು ಏನು ಕೊಳ್ಳಲು ಬಂದಿದ್ದೆ ಅನ್ನುವುದೇ ಮರೆತುಹೋಯಿತು. ಸಣ್ಣಮಾವ ಬಂದು ಕಣ್ಣೆದುರು ಕೂತರು. ತಕ್ಕಡಿಯ ತಟ್ಟೆಯಲ್ಲಿ, ಕಾಲು ಮಡಚಿಕೊಂಡು...

ಅಮ್ಮನಿಗೆ ಇಬ್ಬರು ಸೋದರರು. ಉಡುಪಿ ಕಡೆಯ ನಮ್ಮೂರಲ್ಲಿದ್ದವರು ದೊಡ್ಡಮಾವ, ಬೊಂಬಾಯಿಯಲ್ಲಿದ್ದವರು ಸಣ್ಣಮಾವ. ಹೆಸರಿಗಷ್ಟೇ ಸಣ್ಣ. ಬೈಕುಲ್ಲಾದ ಹೋಟೆಲಿನ ಗಲ್ಲಾದ ಮೇಲೆ ಅವರು ಕೂತರೆ ಹಿಂದಿನ ದೇವರ ಪಟ ಕಾಣುತ್ತಿರಲಿಲ್ಲ. ಹೋಟೆಲಿನ ಮೇಲಿನ ಎರಡು ಖೋಲಿಗಳಲ್ಲಿ ಅವರು, ಅತ್ತೆ, ಮತ್ತು ಫೋರ್ಟಿನ ಆಫೀಸೊಂದರಲ್ಲಿ ಟೈಪಿಸ್ಟಾಗಿದ್ದ ನಾನು ಇದ್ದೆವು. ಹೋಟೆಲು ಮಾತ್ರ ದೊಡ್ಡಮಾವನ ಹೆಸರಿನಲ್ಲಿತ್ತು. ಆ ಮನೆಯಲ್ಲಿ ಯಾರ ಮಾತು ನಡೆಯುತ್ತಿತ್ತು ಅನ್ನುವುದಕ್ಕೆ ಇಷ್ಟು ಹೇಳಿದರೆ ಸಾಕು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಮಧ್ಯಾಹ್ನ ಊಟದ ಗಿರಾಕಿಗಳ ನಡುವೆಯೇ ಸಣ್ಣಮಾವ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯ ಪಾರ್ಸಿ ಡಾಕ್ಟರು ಉಳಿಸಿದರು. ಇಪ್ಪತ್ತು ಕಿಲೋ ಇಳಿಸಬೇಕು, ಇಳಿಸಿದ್ದು ಮತ್ತೆ ಏರಬಾರದು, ಏರಿದರೆ ಈ ಹೃದಯ ತಡೆಯುವುದಿಲ್ಲ ಎಂದು ನಮ್ಮೆಲ್ಲರ ಎದುರು ಹೇಳಿದರು. ಊರಿಂದ ಓಡಿ ಬಂದಿದ್ದ ದೊಡ್ಡಮಾವನೂ ಅಲ್ಲೇ ಇದ್ದರು. ಆ ಮಂಚದ ಪಕ್ಕದಲ್ಲೇ ಕೈಮುಗಿದು, ತಮ್ಮ ಬದುಕಿದರೆ ಊರ ದೇವರಿಗೆ ಅವನ ತೂಕದ ಬೆಲ್ಲದಿಂದ ತುಲಾಭಾರ ಮಾಡಿಸುತ್ತೇನೆ ಎಂದು ಹರಕೆ ಹೊತ್ತರು. ಆಗ ಸಣ್ಣಮಾವ ತೊಂಬತ್ತು ಕಿಲೋ ಇದ್ದರು.

ಆಮೇಲೆ ಅವರು ಪಟ್ಟ ಪಾಡು ನಾನು ಕಣ್ಣಾರೆ ಕಂಡದ್ದು. ಸುತ್ತ ಬೋಂಡ, ಮೈಸೂರುಪಾಕು, ತುಪ್ಪದ ದೋಸೆಯ ಘಮ. ನಡುವೆ ಈ ಮನುಷ್ಯ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡು ಕೂತದ್ದು. ಒಂದು ಸೌಟು ಗಂಜಿ, ಬೇಯಿಸಿದ ಹೀರೆಕಾಯಿ. ಸಾಂಬಾರಿನ ರುಚಿ ನೋಡಲು ಅಂಗೈಗೆ ಒಂದೇ ಹನಿ. ಬೆಳಿಗ್ಗೆ ರಾಣಿಬಾಗಿನ ಉದ್ಯಾನಕ್ಕೆ ನಡೆದು ಹೋಗಿ ಬಂದು, ಉಗ್ರಾಣದಲ್ಲಿ ಅಕ್ಕಿಮೂಟೆ ತೂಗುವ ಕಾಟಾದ ಮೇಲೆ ನಿಲ್ಲುತ್ತಿದ್ದರು. ವರ್ಷದೊಳಗೆ ಎಪ್ಪತ್ತಕ್ಕೆ ಇಳಿದರು. ಆ ದಿನ ನನ್ನನ್ನು ಕರೆದು ಕಾಟಾದ ಮುಳ್ಳು ತೋರಿಸಿ, "ನೋಡು ಮಾರಾಯ್ತಿ, ಈಗ ನಾನು ನಿಜವಾದ ಸಣ್ಣಮಾವ," ಎಂದು ನಕ್ಕಿದ್ದರು. ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ನೋಡಲಿಲ್ಲ.

ಇಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟವಾಯಿತು. ನಾಲಿಗೆಯ ಚಪಲದಿಂದಲ್ಲ, ಜನರಿಂದ. "ಕಾಯ್ ಅಣ್ಣಾ, ಕಿತಿ ಬಾರೀಕ್ ಝಾಲಾತ್!" ಎಷ್ಟು ಸೊರಗಿ ಹೋಗಿದ್ದೀರಿ ಎಂದು ಗಿರಾಕಿಗಳು ಕರುಣೆಯಿಂದ ನೋಡುತ್ತಿದ್ದರು. ಧಣಿಯೇ ಒಣಗಿದ ಮೇಲೆ ಅಡುಗೆ ಹೇಗಿರಬೇಡ ಎಂದು ನಗುತ್ತಿದ್ದರು. ಸುದ್ದಿ ಊರಿಗೂ ಹೋಯಿತು. ಬೊಂಬಾಯಿ ಹೋಟೆಲು ಮುಳುಗಿದೆಯಂತೆ, ತಮ್ಮನಿಗೆ ಕ್ಷಯವಂತೆ... ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು?

ದೊಡ್ಡಮಾವ ಆ ದೀಪಾವಳಿಗೆ ಬಂದರು. ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಎಂತದು ಮಾರಾಯ ಇದು? ಹರಕೆ ಹೊತ್ತದ್ದು ತೊಂಬತ್ತು ಕಿಲೋಗೆ. ದೇವರಿಗೆ ಇಪ್ಪತ್ತು ಕಿಲೋ ಮೋಸ ಮಾಡ್ಲಿಕ್ಕುಂಟಾ?" ಅಂದರು.

"ಹೆಚ್ಚಿನ ಬೆಲ್ಲ ಬೇರೆಯೇ ಕೊಡುವ ಅಣ್ಣ. ತಿನ್ನುವುದು ಮಾತ್ರ ಬೇಡ. ಡಾಕ್ಟರು ಹೇಳಿದ್ದು ನೀನೂ ಕೇಳಿದ್ದೀಯಲ್ಲ," ಅಂದರು ಸಣ್ಣಮಾವ.

"ಡಾಕ್ಟರು ದೊಡ್ಡವನೋ, ನಿನ್ನನ್ನು ಉಳಿಸಿದ ದೇವರು ದೊಡ್ಡವನೋ? ಈ ಕಡ್ಡಿಯನ್ನು ತಕ್ಕಡಿಯಲ್ಲಿ ಕೂರಿಸಿದರೆ ಊರವರ ಮುಂದೆ ನಾನು ತಲೆ ಎತ್ತುವುದು ಹೇಗೆ?"

ಕೊನೆಯ ಮಾತೇ ನಿಜವಾದ ಮಾತು. ದೇವರು ಅದರ ಹೊದಿಕೆ.

ಅಲ್ಲಿಂದ ಬೇಸಗೆಯ ತುಲಾಭಾರದವರೆಗೆ ಒಂದು ಜೀವವನ್ನು ಕೊಬ್ಬಿಸಿದ್ದು ನೋಡಿದೆ. ಕಡಿಯುವ ಕುರಿಗಾದರೂ ಮುಂದಿನದು ಗೊತ್ತಿರುವುದಿಲ್ಲ, ಇವರಿಗೆ ಗೊತ್ತಿತ್ತು. ಅತ್ತೆ ಅಳುತ್ತಲೇ ತುಪ್ಪ ಬಡಿಸುತ್ತಿದ್ದರು. "ಭಾವನ ಮಾತು ಮೀರ್ಲಿಕ್ಕಾಗ್ತದಾ?" ಅನ್ನುತ್ತಿದ್ದರು. ನಾನು ಜಗಳ ಆಡಿದ್ದಕ್ಕೆ, ಹೆಣ್ಣುಹುಡುಗಿಗೆ ಇಂಗ್ಲಿಷ್ ಟೈಪಿಂಗ್ ಬಂದ ಕೂಡಲೇ ದೇವರು ಬೇಡವಾಯಿತಾ ಎಂದು ದೊಡ್ಡಮಾವ ಕಾಗದ ಬರೆದರು. ಸಣ್ಣಮಾವ ತಲೆ ತಗ್ಗಿಸಿ ನುಂಗುತ್ತಿದ್ದರು. ರಾಣಿಬಾಗಿಗೆ ಹೋಗುವುದು ನಿಂತಿತು. ಬರಬರುತ್ತ ಹೋಟೆಲಿನ ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಗೆ ಕೈಯಿಟ್ಟು ಉಸಿರು ಎಳೆದುಕೊಳ್ಳುತ್ತಿದ್ದರು. ಗಿರಾಕಿಗಳು ಮಾತ್ರ, ಅಣ್ಣನಿಗೆ ಮತ್ತೆ ಕಳೆ ಬಂತು ಎಂದು ಮೆಚ್ಚಿಕೊಂಡರು.

ಮೇ ತಿಂಗಳಲ್ಲಿ ಊರ ದೇವಸ್ಥಾನದಲ್ಲಿ ತುಲಾಭಾರ. ಒಂದು ತಟ್ಟೆಯಲ್ಲಿ ತೊಂಬತ್ತು ಕಿಲೋ ಬೆಲ್ಲ ಮೊದಲೇ ಪೇರಿಸಿಟ್ಟಿತ್ತು. ಬಿಸಿಲಿಗೆ ಕರಗಿ ಅಂಟುತ್ತಿತ್ತು, ನೊಣ ಮುತ್ತಿತ್ತು. ಇನ್ನೊಂದರಲ್ಲಿ ಸಣ್ಣಮಾವ ಕೂತರು. ಅವರ ತಟ್ಟೆ ಒಂದು ಬೆರಳಿನಷ್ಟು ಮೇಲೆಯೇ ನಿಂತಿತು. ದೊಡ್ಡಮಾವ ಸುತ್ತ ನೋಡಿದರು. ಎರಡು ತೆಂಗಿನಕಾಯಿ ಎತ್ತಿ ತಮ್ಮನ ಮಡಿಲಿಗೆ ಹಾಕಿದರು. ತಟ್ಟೆ ಸಮವಾಯಿತು.

ಅರ್ಚಕರು ನಕ್ಕರು. "ಅದೆಲ್ಲ ಬೇಡವಿತ್ತು. ಕೂತ ದಿನ ಎಷ್ಟಿದ್ದಾರೋ ಅಷ್ಟೇ ಹರಕೆ. ಹೊತ್ತ ದಿನದ ತೂಕ ದೇವರು ಕೇಳುವುದಿಲ್ಲ."

"ಇರಲಿ, ಆಯ್ತಲ್ಲ ಈಗ," ಅಂದರು ದೊಡ್ಡಮಾವ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಿದ್ದ. ಎರಡು ಕಾಯಿ ಮಡಿಲಿಗೆ ಹಾಕಬಹುದಾದರೆ ಇಪ್ಪತ್ತು ಕಿಲೋ ಕಾಯಿಯನ್ನೂ ಹಾಕಬಹುದಿತ್ತು. ದೊಡ್ಡಮಾವನ ಹಿತ್ತಲಲ್ಲಿ ಕಾಯಿಗೇನೂ ಬರ ಇರಲಿಲ್ಲ. ಸಣ್ಣಮಾವ ಆ ಎರಡು ಕಾಯಿಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು ನನ್ನ ಕಡೆ ನೋಡಿದರು. ಅವರಿಗೂ ಅದೇ ಲೆಕ್ಕ ಹೊಳೆದಿತ್ತು...

ಬೊಂಬಾಯಿಗೆ ಮರಳಿ, ಮಳೆ ಹಿಡಿದ ವಾರದಲ್ಲೇ, ಗಲ್ಲಾದ ಮೇಲೆ ಕೂತಲ್ಲೇ ಹೋದರು. ಮೇಲೆ ಖೋಲಿಗೆ ಒಯ್ದು ಮಲಗಿಸಿದ್ದ ಮೈಯನ್ನು ಆ ಕಡಿದಾದ ಮೆಟ್ಟಿಲಲ್ಲಿ ಇಳಿಸಲು ಆರು ಜನ ಬೇಕಾದರು. ಹದಿಮೂರರ ಊಟದಲ್ಲಿ ದೊಡ್ಡಮಾವ ಪಾಯಸ ಬಡಿಸಿಕೊಳ್ಳುತ್ತ, "ಹರಕೆ ಬಾಕಿ ಇಡದೆ ಹೋದ. ಪುಣ್ಯವಂತ," ಅಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಅತ್ತೆಯೂ.

ಈಗ ದೊಡ್ಡಮಾವನೂ ಇಲ್ಲ, ಅತ್ತೆಯೂ ಇಲ್ಲ. ಬೈಕುಲ್ಲಾದ ಆ ಹೋಟೆಲಿದ್ದಲ್ಲಿ ಯಾರೋ ಟೈಲ್ಸ್ ಮಾರುತ್ತಾರೆ. ನನ್ನ ಸಿಟ್ಟು ಮಾತ್ರ ಇನ್ನೂ ಆರಿಲ್ಲ. ಒಮ್ಮೆಯಾದರೂ ಗಟ್ಟಿಯಾಗಿ ಬೇಡ ಅನ್ನಬಾರದಿತ್ತೇ ಎಂದು ಸತ್ತ ಸಣ್ಣಮಾವನ ಮೇಲೆಯೇ ರೇಗುತ್ತೇನೆ. ಆಮೇಲೆ ನೆನಪಾಗುತ್ತದೆ, ಅವರು ಅಂದಿದ್ದರು. ಕೇಳುವ ಕಿವಿ ಇರಲಿಲ್ಲ.

ಅಂಗಡಿಯವ ಬೆಲ್ಲದ ಅಚ್ಚು ಒಡೆದು ತಕ್ಕಡಿಗೆ ಕೈಹಾಕಿದ. "ಬೋಲೋ ಮಾಜೀ, ಕಿತನಾ ತೋಲೂಂ?" ಎಷ್ಟು ತೂಗಲಿ ಎಂದು ಕೇಳಿದ.

"ಬೇಡ," ಅಂದೆ, ಕನ್ನಡದಲ್ಲೇ. ಅವನು ಅರ್ಥವಾಗದೆ ತೂಗತೊಡಗಿದ.