ತಂಗಿ ಬರೆದ ಮಾತು

ಟಣ್, ಟಣ್. ಸ್ಟೀಲ್ ಲೋಟಕ್ಕೆ ಚಮಚ ಬಡಿಯುವ ಸದ್ದು. ಒಂದು ಸಲ ಬಡಿದರೆ ಚಹಾ, ಎರಡು ಸಲ ಬಡಿದರೆ ಊಟ. ಧಾರವಾಡದ ನಮ್ಮ ಮನೆಯಲ್ಲಿ ಒಂಬತ್ತು ವರ್ಷ ವೈನಿ ನನ್ನ ಅಣ್ಣನನ್ನು ಕರೆದದ್ದು ಹೀಗೇ. ಆ ಗಂಡ ಹೆಂಡತಿಯ ನಡುವೆ ಮಾತಿರಲಿಲ್ಲ.

ವೈನಿಯ ತಂದೆ ಹುಬ್ಬಳ್ಳಿ ಹತ್ತಿರದ ಹಳ್ಳಿಯಲ್ಲಿ ಸಾಯುತ್ತ ಮಲಗಿದ್ದಾಗ ಅಣ್ಣ, ಆಫೀಸಿನಲ್ಲಿ ಇನ್‌ಸ್ಪೆಕ್ಷನ್ ಇದೆ, ಎರಡು ದಿನ ತಡಿ, ಕೂಡಿಯೇ ಹೋಗೋಣ ಅಂದ. ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಪ್ಪಾಯಿತು ಎನ್ನುವ ಒಂದು ಮಾತಿಗಾಗಿ ವೈನಿ ಕಾದರು. ಅವನು ಆ ವಿಷಯವನ್ನೇ ತೆಗೆಯಲಿಲ್ಲ. ಅವರು ಮಾತು ನಿಲ್ಲಿಸಿದರು.

ಮದುವೆಯಾಗದ ನಾನು ಅದೇ ಮನೆಯಲ್ಲಿದ್ದೆ. ಕಾನ್ವೆಂಟ್‌ನಲ್ಲಿ ಓದಿದವಳು, ಮುಂದೆ ಇಂಗ್ಲಿಷ್ ಟೀಚರ್ ಆದವಳು. ಎಷ್ಟೋ ಕಾದಂಬರಿ, ಎಷ್ಟೋ ಮ್ಯಾಟಿನಿ. ಎಲ್ಲದರಲ್ಲೂ ಎಷ್ಟೇ ಹಳೆಯ ಮುನಿಸಾದರೂ ಕಡೆಯ ಹತ್ತು ನಿಮಿಷದಲ್ಲಿ ಒಬ್ಬರು ಕರೆಕ್ಟ್ ಸೆಂಟೆನ್ಸ್ ಹೇಳುತ್ತಾರೆ, ಇನ್ನೊಬ್ಬರು ಅಳುತ್ತಾರೆ. ನಮ್ಮ ಮನೆಗೆ ಆ ಹತ್ತು ನಿಮಿಷ ಬರಲೇ ಇಲ್ಲ. ಹೀಗಾಗಿ ನಾನೇ ಬರೆದೆ. ಓಣಿಯ ಮಹಿಳಾ ಮಂಡಳದ ಆನ್ಯುಯಲ್ ಡೇಗೆ ಒಂದು ನಾಟಕ. ಮಾತು ಬಿಟ್ಟ ಗಂಡ ಹೆಂಡತಿ, ಲೋಟ, ಚಮಚ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೇಗೋ ಅಣ್ಣನಿಗೆ ಸುದ್ದಿ ಮುಟ್ಟಿತು. "ನಮ್ಮ ತಂಗಿ ನಾಟಕ ಅಂದ್ರ ಮೂರನೇ ಸಾಲಿನ್ಯಾಗ ಜಾಗಾ ಹಿಡೀತೇನಿ. ನಿಮ್ಮ ವೈನಿನೂ ಬರ್ತಾಳ, ಹೇಳ್ ಆಕಿಗೆ" ಅಂದ. ಹೆಂಡತಿಯ ಪಾರ್ಟು ಮಾಡುತ್ತಿದ್ದ ಪಕ್ಕದ ಮನೆಯವರ ಬಳಿ ಓಡಿದೆ.

"ಚಮಚ ಬ್ಯಾಡ್ರಿ. ಕೈಸನ್ನಿ ಮಾಡಿದ್ರ ಸಾಕು."

"ಏ ಟೀಚರ್, ಚಮಚ ಕಸ್ಕೊಂಡ್ರ ನನ್ನ ಪಾರ್ಟಿನ್ಯಾಗ ಏನ್ ಉಳೀತೈತ್ರಿ? ಮಂದಿ ನಗೂದ ಅಲ್ಲೇ!"

ಚಮಚ ಉಳಿಯಿತು. ಖರೇ ಹೇಳಬೇಕೆಂದರೆ ನನಗೂ ಆ ನಗು ಬೇಕಾಗಿತ್ತು.

ಭಾನುವಾರ ಮಧ್ಯಾಹ್ನ ಸ್ಟೇಜಿನ ಪಕ್ಕದ ವಿಂಗ್ಸ್‌ನಲ್ಲಿ ನಿಂತು ನಾನು ನಾಟಕ ನೋಡಲಿಲ್ಲ, ಮೂರನೇ ಸಾಲು ನೋಡಿದೆ. ಮೊದಲ ಸಲ ಚಮಚ ಬಡಿದಾಗ ಹಾಲ್‌ಗೆ ಹಾಲೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಅಣ್ಣ ನಕ್ಕ. ಎರಡನೆಯ ಸಲ ಬಡಿದಾಗ ಅವನ ಬಾಯಿ ತೆರೆದದ್ದು ಹಾಗೇ ಉಳಿಯಿತು. ವೈನಿ ಕಣ್ಣು ಕದಲಿಸಲಿಲ್ಲ. ಕೊನೆಗೆ ಸ್ಟೇಜಿನ ಗಂಡ "ನನ್ನ ತಪ್ಪಾತು. ನಿನ್ನ ದನಿ ಕೇಳದ ಈ ಮನಿ ನನಗ ಪರದೇಶ ಆಗೇತಿ" ಅಂದ, ಹೆಂಡತಿ ಅತ್ತಳು, ಜನ ಕ್ಲ್ಯಾಪ್ ಹೊಡೆದರು.

ಆಟೋದಲ್ಲಿ ನಡುವೆ ನಾನು, ಆಚೆ ಈಚೆ ಅವರಿಬ್ಬರು. ಮನೆಯ ತಿರುವು ಬಂದಾಗ ಅಣ್ಣ ಗಂಟಲು ಸರಿಮಾಡಿಕೊಂಡ. ನನ್ನನ್ನು ದಾಟಿ ವೈನಿಯ ಕಡೆ ಬಾಗಿ, "ನನ್ನ ತಪ್ಪಾತು" ಅಂದ. "ನಿನ್ನ ದನಿ ಕೇಳದ ಈ ಮನಿ ನನಗ ಪರದೇಶ ಆಗೇತಿ."



"ಅದು ನಿಮ್ಮ ತಂಗಿ ಬರೆದ ಮಾತು," ವೈನಿ ಒಂಬತ್ತು ವರ್ಷದ ಮೇಲೆ ಅವನಿಗೆ ಉತ್ತರ ಕೊಟ್ಟರು. "ನಿಮ್ಮದೊಂದು ಹೇಳ್ರಿ."

ಆಟೋ ನಿಂತಿತು. ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಅಣ್ಣ ತನ್ನ ಅಂಗೈ ನೋಡಿಕೊಂಡ, ನನ್ನನ್ನು ನೋಡಿದ. ಆಮೇಲೆ ಇಳಿದು ಆಟೋದ ಬಾಡಿಗೆ ಕೊಟ್ಟ.

ನಾಟಕವಾಗಿ ನಾಲ್ಕು ದಿನಕ್ಕೆ ವೈನಿ ತವರಿಗೆ ಹೊರಟರು. ಬೇಡವೆಂದರೂ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನವರೆಗೆ ಹೋದೆ.

"ಆ ಸೀನ್ ತಗದ್ ಬಿಡ್ತೇನ್ರಿ ವೈನಿ. ಐ ಆಮ್ ಸೋ ಸಾರಿ."

"ಈಗ್ ತಗದ್ ಏನ್ ಮಾಡ್ತಿ? ಚಮಚದ್ದು ಹೋಗ್ಲಿ ಬಿಡು, ನಾನೂ ನಗ್ತಿದ್ನೇನೋ. ಅವ್ರ ಬಾಯಾಗ ಯಾವಾಗರ ಒಂದ್ ಮಾತು ಹುಟ್ಟೀತು ಅಂತ ಕುಂತಿದ್ದೆ. ನೀ ರೆಡಿಮೇಡ್ ಮಾತು ಹೊಲಿದು ತೊಡಿಸಿಬಿಟ್ಟಿ. ಇನ್ನ್ ಅವ್ರು ಖರೇನ ಅಂದ್ರೂ ನನಗ ನಿನ್ನ ದನೀನ ಕೇಳಸ್ತೈತಿ."

ಬಸ್ಸು ಬಂತು. ಚೀಲ ಹಿಡಿಯಲು ಕೈ ಚಾಚಿದೆ, ಕೊಡಲಿಲ್ಲ. ಅವರಿಗೆ ಕಿಟಕಿಯ ಸೀಟು ಸಿಕ್ಕಿತ್ತು. ಕೂಸನ್ನು ಎತ್ತಿಕೊಂಡ ಹೆಂಗಸೊಬ್ಬಳು ಬಂದಾಗ ವೈನಿ ಅವಳಿಗೆ ಕಿಟಕಿ ಬಿಟ್ಟುಕೊಟ್ಟು ಒಳಗೆ ಸರಿದರು. ಆಮೇಲೆ ನನಗೆ ಕಂಡದ್ದು ಅವರ ತುರುಬು ಮಾತ್ರ, ಅದೂ ಬಸ್ಸು ಹೊರಳುವವರೆಗೆ.