ಫ್ರೇಮಣ್ಣನನ್ನು ಎಬ್ಬಿಸುವವರು ಯಾರು

ಫೋಟೊಗಳಿಗೆ ಕಟ್ಟು ಹಾಕಿಕೊಡುವ ಫ್ರೇಮಣ್ಣ ವರ್ಷಕ್ಕೊಮ್ಮೆ ತಪ್ಪದೆ ಸಾಯುತ್ತ ಬಂದವನು. ಆ ವಿದ್ಯೆಯಲ್ಲಿ ಅವನನ್ನು ಮೀರಿಸುವವರು ಊರಲ್ಲಿರಲಿಲ್ಲ. ಮರದ ಕತ್ತಿ ಎದೆಗೆ ತಾಗಿದ ಕೂಡಲೇ ಬೇರೆಯವರು ದೊಪ್ಪೆಂದು ಬಿದ್ದರೆ, ಇವನು ಹಿಂದೆ ಸರಿದು, ಆಕಾಶ ನೋಡಿ, ಮೊಣಕಾಲೂರಿ, ಆಮೇಲೆ ನಿಧಾನವಾಗಿ ಮಗ್ಗುಲಾಗುತ್ತಿದ್ದ. ಜನ ಚಪ್ಪಾಳೆ ಹೊಡೆಯುತ್ತಿದ್ದರು. ಅಂಗಡಿಯಲ್ಲಿ ಅವನು ಕೂದಲೆಳೆಯಷ್ಟೂ ಓರೆಯಾಗದಂತೆ ಗಾಜು ಕೊಯ್ದಾಗ ಒಬ್ಬನಾದರೂ ಚಪ್ಪಾಳೆ ಹೊಡೆದದ್ದಿಲ್ಲ, ಆ ಮಾತು ಬಿಡಿ.

ಊರಾಚೆಯ ಬಯಲಿನಲ್ಲಿ ಹಿಂದೆ ಯುದ್ಧವಾಗಿತ್ತು. ನಾವು ಗೆದ್ದೆವು ಎಂದು ಊರಿನವರು ಹೇಳುತ್ತಾರೆ. ಹೊಳೆಯಾಚೆಯವರೂ ಹಾಗೇ ಹೇಳುತ್ತಾರೆ. ಗೆದ್ದವರು ಯಾರಾದರೇನು, ಆ ಸಂಜೆ ಹೆಂಗಸರು ಬಯಲಿಗೆ ಹೋಗಿ ತಂತಮ್ಮವರನ್ನು ಹುಡುಕಿ, ಕರೆದು ಕರೆದು ಸೋತರಂತೆ. ಅದಕ್ಕೇ ಪ್ರತಿ ವರ್ಷ ಅದೇ ದಿನ ಊರಿನ ಗಂಡಸರು ಅಲ್ಲಿ ಕಾದಾಡಿದಂತೆ ಆಡಿ ಬೀಳುತ್ತಾರೆ. ಬಿದ್ದವನು ತಾನಾಗಿ ಏಳುವಂತಿಲ್ಲ. ಮನೆಯವರು ಬಂದು ಭುಜ ಮುಟ್ಟಿ ‘ಏಳು’ ಎಂದ ಮೇಲೆಯೇ ಏಳಬೇಕು. ಬೇರೆ ಮನೆಯವನನ್ನು ಎಬ್ಬಿಸಿದರೆ ಎಬ್ಬಿಸಿದವರ ಮನೆಗೆ ಕೇಡು ಎಂಬ ಹೆದರಿಕೆ ಬೇರೆ.

ಫ್ರೇಮಣ್ಣನನ್ನು ಎಬ್ಬಿಸುತ್ತಿದ್ದವಳು ಅವನ ಹೆಂಡತಿ. ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಮಕ್ಕಳಿರಲಿಲ್ಲ. ಯುದ್ಧದ ದಿನ ಹತ್ತಿರ ಬಂದಾಗ ಈ ಆಟ ನಡೆಸುವ ಸಮಿತಿಯ ಅಧ್ಯಕ್ಷನಾದ ಪಾತ್ರೆ ಅಂಗಡಿಯವನು ಮೆಲ್ಲಗೆ ಬಂದು ಕೂತ.

“ಅಣ್ಣಾ, ಈ ವರ್ಷ ನೀವು ಕೂತ್ಕೊಂಡು ನೋಡಿ. ಮುಂದಿನ ಸಾಲಲ್ಲೇ ಕುರ್ಚಿ ಹಾಕಿಸ್ತೀನಿ.”

“ಯಾಕೆ, ನನಗೆ ಸಾಯೋದು ಮರೆತುಹೋಯ್ತಾ?”

“ಸಾಯೋದೇನೋ ಸರಿ. ಎಬ್ಬಿಸೋರು ಯಾರು?”

ಫ್ರೇಮಣ್ಣನಿಗೆ ಪಿತ್ತ ನೆತ್ತಿಗೇರಿತು. “ಅದು ನನ್ನ ತಲೆನೋವು. ನೀವು ನಿಮ್ಮ ತಪ್ಪಲೆ ನೋಡ್ಕೊಳ್ಳಿ!”

ಬಾಯಿ ಜೋರಾಗಿತ್ತು, ಒಳಗೆ ಮಾತ್ರ ಅದೇ ಪ್ರಶ್ನೆ ಕೊರೆಯುತ್ತಿತ್ತು. ಅವಳು ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಬೆಳಿಗ್ಗೆ ಹಲ್ಲುಜ್ಜಲು ತೆರೆದ ಬಾಯಿ ಮತ್ತೆ ತೆರೆಯುತ್ತಿದ್ದದ್ದು ಗಿರಾಕಿ ಬಂದಾಗಲೇ. ಈಗ ಕುರ್ಚಿಯಲ್ಲಿ ಹೋಗಿ ಕೂತರೆ, ನನಗೆ ಯಾರೂ ಇಲ್ಲ ಎಂದು ತಾನೇ ಊರಿಗೆಲ್ಲ ಡಂಗುರ ಸಾರಿದಂತೆ. ನಾದಿನಿಗೆ ಫೋನ್ ಮಾಡಿದ. “ಮಂಡಿನೋವು ಭಾವ. ಬಸ್ಸು ಸಿಕ್ಕರೆ ನೋಡೋಣ,” ಎಂದಳು. ಆ ‘ನೋಡೋಣ’ವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಬಯಲಿಗೆ ಹೋದ.

ಅವತ್ತೂ ಚೆನ್ನಾಗಿಯೇ ಸತ್ತ. ಕಣ್ಣು ಮುಚ್ಚಿ, ಕೆನ್ನೆ ಮಣ್ಣಿಗಿಟ್ಟು ಮಲಗಿದ. ಕಾದಾಟ ಮುಗಿಯಿತು, ಮನೆಯವರು ಬಯಲಿಗೆ ಇಳಿದರು. “ಅಪ್ಪಾ ಏಳು, ಶರಟೆಲ್ಲ ಮಣ್ಣು!” “ಏಳ್ರೀ, ಸತ್ತೋರು ಗೊರಕೆ ಹೊಡೀತಾರಾ?” ಪಕ್ಕದವನು ನಗುತ್ತ ಎದ್ದುಹೋದ. ಆಚೆಯವನೂ ಎದ್ದ. ಹೆಜ್ಜೆಗಳು ತನ್ನ ಹತ್ತಿರ ಬಂದಾಗಲೆಲ್ಲ ಫ್ರೇಮಣ್ಣ ಉಸಿರು ಬಿಗಿಹಿಡಿದ. ಅವು ದಾಟಿ ಹೋದವು. ಅವನ ಕಡೆಯವರು ಯಾರಾದರೂ ಬಂದಿರುತ್ತಾರೆ ಬಿಡು ಎಂದು ಒಬ್ಬೊಬ್ಬರೂ ಅಂದುಕೊಂಡರು. ಊರಿನವರ ಬುದ್ಧಿಯೇ ಅಷ್ಟು! ನಾದಿನಿಗೆ ಬಸ್ಸು ಸಿಕ್ಕಿರಲಿಲ್ಲ.

ಬಯಲು ತಣ್ಣಗಾಯಿತು. ಎದ್ದು ಮೈ ಕೊಡವಿಕೊಂಡು ಹೋಗಿಬಿಡಲೇ ಎನಿಸಿತು. ಹೇಗೆ ಏಳುವುದು? ಯಾವ ಮುಖ ಹೊತ್ತುಕೊಂಡು ಬೀದಿಯಲ್ಲಿ ನಡೆಯುವುದು?

ಆಗ ದೂರದಲ್ಲಿ ದನಿ ಕೇಳಿತು. ಅವನ ಬೀದಿಯ ಹಿಟ್ಟಿನ ಗಿರಣಿಯವಳು, ಜೊತೆಗೆ ಅವಳ ಅತ್ತೆ.

“ಏಯ್, ಬೇರೆ ಮನೆಯೋರನ್ನ ಮುಟ್ಟಬೇಡ ಕಣೇ! ಮನೇಲಿ ಗಂಡ ಮಕ್ಕಳಿದ್ದಾರೆ.”

“ಇರ್ಲಿ ಬಿಡಿ ಅತ್ತೆ. ವಯಸ್ಸಾದೋರನ್ನ ಹೀಗೆ ಮಣ್ಣಲ್ಲಿ ಬಿಟ್ಟು ಹೋದ್ರೆ ರಾತ್ರಿ ಅನ್ನ ಇಳಿಯುತ್ತಾ ನಿಮಗೆ?”

ಸರಸರ ಬಂದು ಅವನ ಭುಜ ಮುಟ್ಟಿದಳು. “ಅಣ್ಣಾ, ಏಳಿ.”

ಹಗಲೆಲ್ಲ ಇದೊಂದು ಮಾತಿಗಾಗಿಯೇ ಜೀವ ಹಿಡಿದುಕೊಂಡಿದ್ದ ಫ್ರೇಮಣ್ಣ ಏಳಲಿಲ್ಲ. ಏಳಬೇಕೆಂದುಕೊಂಡ, ಮೈ ಕೇಳಲಿಲ್ಲ.

“ಅಯ್ಯಯ್ಯೋ ಅತ್ತೆ, ಉಸಿರಾಡ್ತಿದ್ದಾರಾ ನೋಡಿ!”

“ಆಡ್ತಾ ಇದೀನಿ ಕಣಮ್ಮ.”

“ಮತ್ತೆ ಏಳಿ ಅಣ್ಣಾ. ನಾನು ಬಂದಿದೀನಲ್ಲ.”

“ಯಾರೂ ಬರಲ್ಲ ಅಂತ ಹೆದರಿದ್ದೆ,” ಎಂದ ಅವನು, ಕಣ್ಣು ತೆರೆಯದೆ. “ನೀನು ಬಂದೆ. ನಿನ್ನ ಹೊಟ್ಟೆ ತಣ್ಣಗಿರ್ಲಿ. ಆದ್ರೆ ನಾನು ಇಷ್ಟೊತ್ತೂ ಕಾಯ್ತಿದ್ದಿದ್ದು ನನ್ನವಳನ್ನ ಕಣಮ್ಮ. ಅವಳು ಬರಲಿಲ್ಲ.”

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹತ್ತಿರ ಬಂದು, ಸೊಸೆಯ ಜೊತೆ ತಾವೂ ಅವನ ಇನ್ನೊಂದು ತೋಳಿಗೆ ಕೈ ಕೊಟ್ಟರು. ಹೆಂಡತಿಯ ಮಣ್ಣಿನ ದಿನವೂ ಕಣ್ಣು ಒದ್ದೆ ಮಾಡಿಕೊಳ್ಳದಿದ್ದ ಫ್ರೇಮಣ್ಣ, ಎದ್ದು ನಿಂತು, ಆ ಇಬ್ಬರು ಹೆಂಗಸರ ನಡುವೆ ಬಿಕ್ಕಿ ಬಿಕ್ಕಿ ಅತ್ತ.