ಒಂದೇ ಸಲ ಕೇಳಿದ ಮೇಡಂ

ಬಾಣಾವರದ ಪಕ್ಕದ ಹಳ್ಳಿಯ ಹೇಮಾಶ್ರೀ ಮೈಸೂರಿನಲ್ಲಿ ಫ್ರೆಂಚ್ ಎಂ.ಎ. ಓದುತ್ತಾಳೆಂದರೆ ಊರಿನವರಿಗೆ ಇವತ್ತಿಗೂ ತಮಾಷೆಯೇ. "ಅದನ್ ಓದ್ಕಂಡು ಯಾರತ್ರ ಮಾತಾಡ್ತೀಯವ್ವ, ತೆಂಗಿನ್ ಮರದತ್ರನಾ?" ಎಂದು ಪಕ್ಕದ ಮನೆಯ ಗಿಡ್ಡಮ್ಮ ಸಿಕ್ಕಾಗಲೆಲ್ಲ ಕೇಳುತ್ತಾಳೆ. ಶಾಲೆಯಲ್ಲಿದ್ದಾಗ ಹಳೇಬೀಡಿಗೆ ಪ್ರವಾಸ ಹೋಗಿದ್ದವಳು, ಇಬ್ಬರು ಫ್ರೆಂಚ್ ಮುದುಕಿಯರು ದೇವಸ್ಥಾನದ ಗೋಡೆಯ ಆನೆಗಳ ಮುಂದೆ ನಿಂತು ಜಗಳವಾಡುವುದನ್ನು ಕೇಳಿದ್ದಳು. ಅದೇನು ಜಗಳವೆಂದು ತಿಳಿಯಲೇಬೇಕೆನ್ನುವ ಹುಚ್ಚು ಹತ್ತಿತು. ಹತ್ತಿದ್ದು ಇಳಿಯಲೇ ಇಲ್ಲ.

ಓದಿನಲ್ಲಿ ಅವಳೇನೂ ಹಿಂದಿಲ್ಲ. ಎಡವಟ್ಟಾದದ್ದು ಬೇರೆ ಕಡೆ. ನಮ್ಮ ಕಡೆಯ ರಿವಾಜು ಹೇಗೆಂದರೆ, ಯಾರ ಮನೆಗೆ ಹೋದರೂ ಊಟಕ್ಕೆ ಕರೆದ ತಕ್ಷಣ "ಬ್ಯಾಡ, ಈಗ್ತಾನೆ ಆಯ್ತು" ಎನ್ನಬೇಕು, ಹೊಟ್ಟೆ ಎಷ್ಟೇ ಚುರುಗುಟ್ಟುತ್ತಿರಲಿ. ಎರಡನೇ ಸಲವೂ ಬೇಡವೇ. ಮೂರನೇ ಸಲ ಕೈ ಹಿಡಿದು ಕೂರಿಸಿದ ಮೇಲೆ ಮುದ್ದೆ ಮುರಿಯಬಹುದು. ಮೊದಲ ಮಾತಿಗೇ ಹೂಂ ಅಂದವರನ್ನು ಊರೆಲ್ಲ ಆಡಿಕೊಳ್ಳುತ್ತದೆ.

ಹೋದ ತಿಂಗಳು ಒಂದು ಶುಕ್ರವಾರ ಶ್ಯಾಮಲಾ ಮೇಡಂ ಅವಳನ್ನು ತಮ್ಮ ಕೊಠಡಿಗೆ ಕರೆದರು. ಮೇಡಂ ಕನ್ನಡದವರ ಮಗಳೇ, ಆದರೆ ಹುಟ್ಟಿ ಬೆಳೆದದ್ದೆಲ್ಲ ಪ್ಯಾರಿಸ್ಸಿನಲ್ಲಿ.

"ಒಂದು ವರ್ಷ ಫ್ರಾನ್ಸಿನಲ್ಲಿ ಓದೋಕೆ ಒಂದೇ ಒಂದು ಸೀಟು ಬಂದಿದೆ. ಖರ್ಚೆಲ್ಲ ಅವರದೇ. ಹೋಗ್ತೀಯಾ?"

ಹೇಮಾಶ್ರೀಗೆ ಎದ್ದು ಕುಣಿಯುವಷ್ಟು ಖುಷಿಯಾಯಿತು. ಆದರೆ ಆ ಹಾಳು ಬಾಯಿ ತನ್ನ ಪಾಡಿಗೆ ತಾನು, "ಅಯ್ಯೋ ಬೇಡ ಬಿಡಿ ಮೇಡಂ, ಬೇರೆ ಯಾರಿಗಾದ್ರೂ ಕೊಡಿ" ಅಂದುಬಿಟ್ಟಿತು. ಅಂದು, ಇನ್ನೊಂದು ಸಲ ಕೇಳುತ್ತಾರೆಂದು ಕಾದು ನಿಂತಳು. ಮೇಡಂ "ಸರಿ" ಎಂದು ಮೇಜಿನ ಮೇಲಿದ್ದ ಅರ್ಜಿಯನ್ನು ಡ್ರಾಯರಿಗೆ ಹಾಕಿದರು.

ಭಾನುವಾರ ಊರಿನಲ್ಲಿ, ಅಟ್ಟದಿಂದ ಇಳಿಸಿದ ಕಾಯಿ ಒಡೆದು ಕೊಬ್ಬರಿ ಬಿಡಿಸುತ್ತಿದ್ದ ಅಮ್ಮ ಲಲಿತಮ್ಮನ ಪಕ್ಕ ಕೂತು ಗೊಳೋ ಎಂದು ಅತ್ತಳು.

"ಅವ್ರು ಇನ್ನೊಂದ್ಸಲ ಕೇಳ್ಲೇ ಇಲ್ಲ ಕಣಮ್ಮ. ಬೇರೆ ಯಾರಿಗೋ ಕೊಟ್ಟಿರ್ತಾರೆ."

ಲಲಿತಮ್ಮ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮಚ್ಚು ಪಕ್ಕಕ್ಕಿಟ್ಟಳು.

"ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನಮ್ಮಪ್ಪ, ಅರಸೀಕೆರೆ ಕಾಲೇಜ್ಗೆ ಸೇರ್ಕತೀಯೇನವ್ವ ಅಂದ. ಬ್ಯಾಡ ಕಣಪ್ಪ ಅಂದೆ. ಇನ್ನೊಂದ್ ಕಿತ ಕೇಳ್ತಾನೆ ಅಂತ ಬಾಗ್ಲತ್ರನೇ ನಿಂತಿದ್ದೆ. ಕೇಳ್ನಿಲ್ಲ. ಇಪ್ಪತ್ತೆಂಟ್ ವರ್ಸ ಆಯ್ತು. ನಾಳೆ ಮೊದಲ್ನೇ ಟ್ರೈನಿಗೇ ಹೋಗು, ನಂಗೆ ಬೇಕು ಅನ್ನು."

"ನಾಚ್ಕೆ ಆಗುತ್ತಮ್ಮ."

"ಆಗ್ಲಿ. ನಾಚ್ಕೆಯಿಂದ ಯಾರೂ ಸತ್ತಿಲ್ಲ."

ಅರಸೀಕೆರೆಯಲ್ಲಿ ರೈಲು ಬದಲಾಯಿಸಿದವಳು ಮೈಸೂರು ಮುಟ್ಟುವವರೆಗೂ ಅದೊಂದು ಮಾತನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಎದುರು ಸೀಟಿನಲ್ಲಿ ಕೂತಿದ್ದವರು ಪಾಪ, ಜಪ ಮಾಡುತ್ತಿದ್ದಾಳೆಂದುಕೊಂಡು ಮಾತಾಡಿಸಲಿಲ್ಲ. ಕೊಠಡಿಯ ಬಾಗಿಲು ದಾಟುತ್ತಲೇ, ಉಸಿರು ಬಿಡದೆ ಹೇಳಿದಳು.

"ಮೇಡಂ, ಆ ಸೀಟು ನನಗೆ ಬೇಕು. ಅವತ್ತೂ ಬೇಕಿತ್ತು. ಮರ್ಯಾದೆಗೆ ಬೇಡ ಅಂದೆ."

ಮೇಡಂ ಕೈಯಲ್ಲಿದ್ದ ಪುಸ್ತಕ ಮುಚ್ಚಿದರು. "ಮರ್ಯಾದೆಗಾ? ಶುಕ್ರವಾರ ನಿಮ್ಮ ಕ್ಲಾಸಿನ ಒಂಬತ್ತು ಜನರನ್ನೂ ಒಬ್ಬೊಬ್ಬರಾಗಿ ಕೇಳಿದೆ ಹೇಮಾ. ಒಂಬತ್ತು ಜನವೂ ಬೇಡ ಅಂದ್ರು. ನಾನು ಪಾಠ ಮಾಡೋದೇ ಸರಿಯಿಲ್ಲ, ಅದಕ್ಕೇ ಯಾರಿಗೂ ಆ ದೇಶ ಬೇಡವಾಗಿದೆ ಅಂದುಕೊಂಡು ಮೂರು ದಿನದಿಂದ ಒದ್ದಾಡ್ತಿದ್ದೀನಿ."

ಹೇಮಾಶ್ರೀಗೆ ನಗು ಉಕ್ಕಿ ಬಂತು, ಅದರ ಹಿಂದೆಯೇ ಉಳಿದ ಎಂಟು ಜನರ ನೆನಪಾಯಿತು. ಸುಮ್ಮನಿದ್ದರೆ ಸೀಟು ತನ್ನದೇ. ಸುಮ್ಮನಿರಲಾಗಲಿಲ್ಲ.

"ಅವರೂ ಮರ್ಯಾದೆಗೇ ಅಂದಿರ್ತಾರೆ ಮೇಡಂ. ಎಲ್ಲರಿಗೂ ಬೇಕಿರುತ್ತೆ."

ಮೇಡಂ ಡ್ರಾಯರ್ ಎಳೆದು ಅರ್ಜಿಯನ್ನು ಮುಂದಿಟ್ಟರು.

"ಇರಬಹುದು. ಆದರೆ ಬಂದು ಕೇಳಿದವಳು ನೀನೊಬ್ಬಳೇ."

ಹೇಮಾಶ್ರೀ ಪೆನ್ನು ತೆಗೆದುಕೊಂಡಳು. ಇನ್ನೊಂದು ಸಲ ಹೇಳಿಸಿಕೊಳ್ಳದೆ ಸಹಿ ಹಾಕಿದಳು.